ಅಂಗಳಕ್ಕೆ ಯಾವ ಕಲ್ಲು?

ಗೇಟಿನಿಂದ ಮನೆಬಾಗಿಲವರೆಗೆ, ಕಾರು ಬಂದು ನಿಲ್ಲುವ ಜಾಗಕ್ಕೆ ಯಾವ ಕಲ್ಲು ಹಾಸಬೇಕು ಎಂಬುದು ವಿಜ್ಞಾನದ ಅಂಕಣಕ್ಕೆ ತಕ್ಕ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಅದು ಗಾರೆ ಮೇಸ್ತ್ರಿಗೂ ಮನೆಯ ಯಜಮಾನನಿಗೂ ಬಿಟ್ಟ ಮಾತು ಎಂದೇ ನಾನೂ ತಿಳಿದಿದ್ದೆ. ಹಾಗೆ ತಿಳಿದಿದ್ದರಿಂದಲೇ ನನ್ನ ತಾಯಿ ಮೂರು ತಿಂಗಳು ಹಾಸಿಗೆ ಹಿಡಿಯಬೇಕಾಯಿತು.

ಆರು ವರ್ಷದ ಹಿಂದೆ ನಾವು ಒಂದು ಸಣ್ಣ ಕಾರು ಕೊಂಡೆವು. ಅಲ್ಲಿಯವರೆಗೆ ತುಮಕೂರಿನ ನಮ್ಮ ಮನೆಯ ಮುಂದೆ ಇದ್ದದ್ದು ಬರಿ ಮಣ್ಣಿನ ಅಂಗಳ. ಮಳೆಗಾಲದಲ್ಲಿ ಚಕ್ರ ಹೂತುಕೊಳ್ಳುತ್ತದೆ, ಮನೆಯೊಳಗೆ ಕೆಸರು ಬರುತ್ತದೆ ಎಂದು ಅಂಗಳಕ್ಕೆ ಏನಾದರೂ ಹಾಸುವುದೆಂದು ತೀರ್ಮಾನವಾಯಿತು. ಅಂಗಡಿಯಲ್ಲಿ ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್ ತೋರಿಸಿದರು. ಒರೆಸಿದರೆ ಸಾಕು, ಕನ್ನಡಿಯಂತಾಗುತ್ತದೆ ಎಂದರು. ನನಗೆ ಹಿಡಿಸಿತು. ಕೆಲಸಕ್ಕೆ ಬಂದ ಮೇಸ್ತ್ರಿ ಟೈಲ್ಸಿನ ಮೇಲೆ ಒಮ್ಮೆ ಅಂಗೈ ಆಡಿಸಿ, ‘ಇದು ಒಳಗಡೆಗೆ ಸರಿ ಸಾರ್. ಹೊರಗಡೆಗೆ ಬೇಡ, ಜಾರುತ್ತೆ’ ಎಂದ. ನಾನು ಕೇಳಲಿಲ್ಲ. ಅದೇ ವಾರ ಶಾಲೆಯಲ್ಲಿ ಎಂಟನೇ ತರಗತಿಗೆ ಘರ್ಷಣೆಯ ಪಾಠ ಮಾಡುತ್ತಿದ್ದೆ ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಳೆದ ವರ್ಷದ ಶ್ರಾವಣದ ಒಂದು ಬೆಳಿಗ್ಗೆ, ಜಿನುಗು ಮಳೆ. ಪೂಜೆಗೆ ದಾಸವಾಳ ಕೊಯ್ಯಲು ಹೊರಟ ಅಮ್ಮ ಗೇಟಿನ ಹತ್ತಿರ ಜಾರಿ ಬಿದ್ದರು. ಸೊಂಟದ ಬಳಿ ತೊಡೆಯ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು. 78 ವರ್ಷದ ಜೀವ, ಈಗ ವಾಕರ್ ಹಿಡಿದು ನಡೆಯುತ್ತದೆ. ಆಸ್ಪತ್ರೆಯಲ್ಲಿ ಅಮ್ಮ ಹೇಳಿದ್ದು ಒಂದೇ ಮಾತು: ‘ನಾನೇ ನೋಡಿಕೊಂಡು ನಡೀಬೇಕಿತ್ತು ಕಣಪ್ಪ.’ ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಈ ಬೇಸಿಗೆ ರಜೆಯಲ್ಲಿ ಆ ಟೈಲ್ಸನ್ನೆಲ್ಲ ಕೀಳಿಸಿದೆವು. ಆದರೆ ಈ ಸಲ ಅಂಗಡಿಯವರ ಮಾತು ಕೇಳಿ ಕೊಳ್ಳಬಾರದು, ಕಲ್ಲುಗಳಿಗೇ ಪರೀಕ್ಷೆ ಇಟ್ಟು ಪಾಸಾದದ್ದನ್ನು ತರಬೇಕು ಎಂದು ನಿಶ್ಚಯಿಸಿದೆ. ಪಿ.ಯು.ಸಿ. ಓದುತ್ತಿರುವ ಮಗಳು, ಎದುರು ಬೀದಿಯ ಇಬ್ಬರು ಹುಡುಗರು ನನ್ನ ಸಹಾಯಕರಾದರು. ಆ ಪರೀಕ್ಷೆಯ ವರದಿಯೇ ಈ ವಾರದ ಅಂಕಣ.

ಅಭ್ಯರ್ಥಿಗಳ ಪರಿಚಯ

ಹೆದ್ದಾರಿ ಪಕ್ಕದ ಕಲ್ಲಿನಂಗಡಿಗೆ ಹೋಗಿ, ‘ಬಗೆಬಗೆಯ ಕಲ್ಲಿನ ಒಡಕು ತುಂಡು ಬೇಕು’ ಎಂದೆ. ಅಂಗಡಿಯಾತ ನನ್ನ ಮುಖ ನೋಡಿ, ‘ತುಂಡು ತಗೊಂಡು ಏನ್ ಮಾಡ್ತೀರ ಮೇಷ್ಟ್ರೇ?’ ಎಂದು ನಕ್ಕ. ಆದರೂ ಒಂದು ಸಿಮೆಂಟಿನ ಚೀಲದ ತುಂಬ ತುಂಡುಗಳನ್ನು ಬಿಟ್ಟಿಯಾಗಿಯೇ ಕೊಟ್ಟ. ಇದನ್ನು ಪೋಷಕರು ನೆನಪಿಡಬೇಕು. ತುಂಡು ಕೇಳಲು ಸಂಕೋಚ ಬೇಡ. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವ ನಾವು, ಕಲ್ಲು ಕೊಳ್ಳುವಾಗ ಮಾತ್ರ ದೂರದಿಂದ ಬಣ್ಣ ನೋಡಿ ಹಣ ಕೊಡುತ್ತೇವೆ.

ಚೀಲದಲ್ಲಿದ್ದವು ಆರು ಬಗೆ. ಮೊದಲನೆಯದು ನಮ್ಮ ಕಡೆಯ ಒರಟು ಚಪ್ಪಡಿ ಕಲ್ಲು. ಬೆಂಗಳೂರಿನವರು ಸಾದರಹಳ್ಳಿ ಕಲ್ಲು ಎನ್ನುವ ಬೂದುಬಣ್ಣದ ಕಲ್ಲೂ ಇದರ ದಾಯಾದಿಯೇ. ಎರಡನೆಯದು ಪಾಲಿಶ್ ಮಾಡಿದ ಗ್ರಾನೈಟ್. ಮೂರನೆಯದು ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ಉತ್ತರ ಕರ್ನಾಟಕದವರ ಫರಸಿ. ನಾಲ್ಕನೆಯದು ಆಂಧ್ರದಿಂದ ಬರುವ ಕಪ್ಪು ಕಡಪ ಕಲ್ಲು. ಐದನೆಯದು ಕರಾವಳಿ ಮಲೆನಾಡಿನ ಜಂಬಿಟ್ಟಿಗೆ, ಅಂದರೆ ಮುರಕಲ್ಲು. ಆರನೆಯದು ಕಲ್ಲೇ ಅಲ್ಲ, ಸಿಮೆಂಟ್ ಜಲ್ಲಿಗಳನ್ನು ಅಚ್ಚಿಗೆ ಹಾಕಿ ಒತ್ತಿದ ಇಂಟರ್‌ಲಾಕ್ ಇಟ್ಟಿಗೆ. ಈಗ ಫುಟ್‌ಪಾತುಗಳಲ್ಲೆಲ್ಲ ಕಾಣುವುದು ಇದೇ.

ಇವುಗಳ ಹುಟ್ಟು ಬೇರೆ ಬೇರೆ. ಗ್ರಾನೈಟ್ ಅಗ್ನಿಶಿಲೆ. ಭೂಮಿಯ ಆಳದಲ್ಲಿ ಕರಗಿದ ಶಿಲಾಪಾಕ ಬಹಳ ನಿಧಾನವಾಗಿ ತಣಿದು ಹರಳುಗಟ್ಟಿದ್ದು. ತುಂಡನ್ನು ಬಿಸಿಲಿಗೆ ಹಿಡಿದು ನೋಡಿದರೆ ಗಾಜಿನಂಥ ಬೆಣಚು, ಬಿಳಿ ಅಥವಾ ಗುಲಾಬಿಯ ಫೆಲ್ಡ್‌ಸ್ಪಾರ್, ಮಿನುಗುವ ಕಾಗೆಬಂಗಾರ ಬರಿಗಣ್ಣಿಗೇ ಕಾಣುತ್ತವೆ. ರಾಮನಗರ, ಸಾವನದುರ್ಗ, ಶಿವಗಂಗೆ, ಮಧುಗಿರಿಗಳ ಬೆಟ್ಟಸಾಲು ಇಂಥದೇ ಗ್ರಾನೈಟ್. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಇದಕ್ಕಿಂತಲೂ ಹಳೆಯದು ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆ. ನೈಸ್ ಎಂದ ಕೂಡಲೇ ನುಣುಪು ಎಂದುಕೊಳ್ಳಬೇಡಿ, ಅದು ಶಿಲೆಯ ಹೆಸರು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ ನೈಸ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ನಾವು ಅಗ್ಗದ ಚಪ್ಪಡಿ ಎಂದು ಮೂಗು ಮುರಿಯುವ ಕಲ್ಲು ಇಷ್ಟು ಹಿರಿಯ ಮನೆತನದ್ದು!

ಶಹಾಬಾದ್ ಕಲ್ಲು ಸುಣ್ಣಕಲ್ಲು. ಹಿಂದೊಮ್ಮೆ ಅಲ್ಲಿದ್ದ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಅದಕ್ಕೇ ಅದು ಪುಸ್ತಕದ ಹಾಳೆಯಂತೆ ಸಮವಾಗಿ ಸೀಳುತ್ತದೆ, ಅದಕ್ಕೇ ಆ ಸೀಮೆಯ ವಾಡಿ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಕಡಪ ಕಲ್ಲೂ ಬಹುಪಾಲು ಸುಣ್ಣಕಲ್ಲೇ, ಬಣ್ಣ ಮಾತ್ರ ಕಪ್ಪು. ಜಂಬಿಟ್ಟಿಗೆಯ ಕಥೆಯೇ ಬೇರೆ. ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಸಿಕ್ಕಿ ಮೂಲ ಶಿಲೆಯ ಕರಗುವ ಅಂಶವೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡು ಉಳಿದದ್ದು ಅದು. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇದನ್ನು ಕಂಡು, 1807ರ ತನ್ನ ಪುಸ್ತಕದಲ್ಲಿ ‘ಲ್ಯಾಟರೈಟ್’ ಎಂದು ಕರೆದ. ಲ್ಯಾಟಿನ್‌ನಲ್ಲಿ ‘ಲ್ಯಾಟರ್’ ಎಂದರೆ ಇಟ್ಟಿಗೆ. ನಮ್ಮವರ ಜಂಬಿಟ್ಟಿಗೆ ಎಂಬ ಹೆಸರಲ್ಲೂ ಇಟ್ಟಿಗೆ ಇದೆಯಲ್ಲವೇ?

ಮೊದಲ ಪರೀಕ್ಷೆ: ಜಾರಿಕೆ

ನಾವು ನಡೆಯುವಾಗ ಪಾದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ನಮ್ಮನ್ನು ಮುಂದಕ್ಕೆ ಒತ್ತುತ್ತದೆ. ಈ ಕೊಡುಕೊಳೆಯನ್ನು ನಡೆಸುವ ದಲ್ಲಾಳಿಯೇ ಘರ್ಷಣೆ. ಅದು ಕೈಕೊಟ್ಟರೆ ಕಾಲು ಮುಂದೆ ಹೋಗುತ್ತದೆ, ದೇಹ ಹಿಂದೆ ಉಳಿಯುತ್ತದೆ.

ಇದನ್ನು ಅಳೆಯಲು ಪ್ರಯೋಗಾಲಯ ಬೇಡ. ಕಲ್ಲಿನ ತುಂಡನ್ನು ನೆಲದ ಮೇಲಿಟ್ಟು, ಅದರ ಮೇಲೆ ಮನೆಯಲ್ಲಿ ಹಾಕುವ ರಬ್ಬರ್ ಚಪ್ಪಲಿಯನ್ನಿಟ್ಟು, ಚಪ್ಪಲಿಯ ಮೇಲೆ 1 ಕಿಲೋ ಉಪ್ಪಿನ ಪೊಟ್ಟಣ ಕಟ್ಟಿದೆವು. ಕಲ್ಲಿನ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತ ಹೋಗಬೇಕು. ಚಪ್ಪಲಿ ಜಾರಲು ಶುರುವಾದ ಕ್ಷಣದಲ್ಲಿ ನಿಲ್ಲಿಸಿ, ಎತ್ತಿದ ತುದಿಯ ಎತ್ತರವನ್ನೂ ನೆಲದ ಮೇಲೆ ಅದರ ತಳದ ಉದ್ದವನ್ನೂ ಅಳೆದು ಭಾಗಿಸಿದರೆ ಬರುವುದೇ ಘರ್ಷಣಾಂಕ. ತ್ರಿಕೋನಮಿತಿ ಓದಿದವರಿಗೆ ಇದು ಆ ಕೋನದ ಟ್ಯಾನ್ ಬೆಲೆ ಎಂದು ಹೊಳೆಯುತ್ತದೆ. ನಾನು ಸ್ಕೇಲು ಹಿಡಿದರೆ ಮಗಳು ಮೊಬೈಲ್ ಫೋನಿನಲ್ಲೇ ಕೋನ ಅಳೆದಳು. ಎರಡು ಲೆಕ್ಕವೂ ಹೆಚ್ಚುಕಡಿಮೆ ತಾಳೆಯಾಯಿತು.

ಒಣಗಿದ್ದಾಗ ಆರು ಕಲ್ಲುಗಳೂ ಪಾಸು. ಇಲ್ಲಿಯೇ ನಾವು ಮೋಸ ಹೋಗುವುದು. ಅಂಗಡಿಯಲ್ಲಿ ಕಲ್ಲು ಯಾವಾಗಲೂ ಒಣಗಿಯೇ ಇರುತ್ತದೆ! ಒಂದು ಲೋಟ ನೀರು ಹಾಕಿ ಮತ್ತೆ ಎತ್ತಿದೆವು. ಪಾಲಿಶ್ ಮಾಡಿದ ಗ್ರಾನೈಟಿನ ಮೇಲೆ ಎತ್ತರ ತಳದ ಕಾಲು ಭಾಗವನ್ನು ಮುಟ್ಟುವ ಮೊದಲೇ ಚಪ್ಪಲಿ ಜರ್ರೆಂದು ಇಳಿಯಿತು. ಕಿತ್ತು ಹಾಕಿದ್ದ ನಮ್ಮ ಹಳೆಯ ಟೈಲ್ಸ್ ಇನ್ನೂ ಬೇಗ. ಒರಟು ಚಪ್ಪಡಿಯಲ್ಲಿ ಮಾತ್ರ ಒದ್ದೆಗೂ ಒಣಗಿದ್ದಕ್ಕೂ ಅಷ್ಟೇನೂ ವ್ಯತ್ಯಾಸವಿಲ್ಲ. ಎತ್ತರ ತಳದ ಅರ್ಧ ದಾಟಿದ ಮೇಲೆಯೇ ಅದು ಜಾರಿದ್ದು. ಕಾರಣ ಸರಳ. ನುಣುಪಾದ ಕಲ್ಲಿನ ಮೇಲೆ ನೀರು ತೆಳುವಾದ ಪೊರೆಯಾಗಿ ನಿಂತು ಪಾದವನ್ನು ಕಲ್ಲಿನಿಂದ ಬೇರ್ಪಡಿಸುತ್ತದೆ. ಒರಟು ಕಲ್ಲಿನಲ್ಲಿ ನೀರು ಸರಿದುಕೊಳ್ಳಲು ಸಣ್ಣಸಣ್ಣ ತಗ್ಗುಗಳಿವೆ, ಉಬ್ಬುಗಳು ನೀರನ್ನು ಸೀಳಿ ಚಪ್ಪಲಿಯನ್ನು ಹಿಡಿಯುತ್ತವೆ.

ಗ್ರಾನೈಟೇ ಬೇಕೆನ್ನುವವರು ‘ಫ್ಲೇಮ್’ ಮಾಡಿದ ಕಲ್ಲು ಕೇಳಬಹುದು. ಕಲ್ಲಿನ ಮೇಲೆ ಬೆಂಕಿಯ ಜ್ವಾಲೆ ಹಾಯಿಸಿದಾಗ ಮೇಲಿನ ಹರಳುಗಳು, ಅದರಲ್ಲೂ ಬೆಣಚು, ಫಕ್ಕನೆ ಹಿಗ್ಗಿ ಸಿಡಿದು ಮೈ ತರಿತರಿಯಾಗುತ್ತದೆ. ನಮ್ಮ ಕಲ್ಲುಕುಟಿಗರು ಹಿಂದಿನಿಂದಲೂ ಬಂಡೆಯ ಮೇಲೆ ಸೌದೆ ಉರಿಸಿ ಚಪ್ಪಡಿ ಎಬ್ಬಿಸುತ್ತಿದ್ದುದೂ ಇದೇ ಉಷ್ಣದ ಹಿಗ್ಗುವಿಕೆಯಿಂದಲೇ. ಅವರು ಭೌತವಿಜ್ಞಾನದ ಪುಸ್ತಕ ಓದಿರಲಿಲ್ಲ, ಬಂಡೆಯನ್ನು ಓದಿದ್ದರು.

ಎರಡನೆಯದು: ನಿಂಬೆಹಣ್ಣು

ಎರಡನೆಯ ಪರೀಕ್ಷೆಗೆ ಅಡುಗೆಮನೆಯಿಂದ ಒಂದು ನಿಂಬೆಹಣ್ಣು ಸಾಕು. ಪ್ರತಿ ತುಂಡಿನ ಮೂಲೆಯಲ್ಲಿ ಮೊಳೆಯಿಂದ ಸ್ವಲ್ಪ ಗೀರಿ, ಪುಡಿಯಿದ್ದ ಜಾಗಕ್ಕೆ ಎರಡು ಹನಿ ರಸ ಹಿಂಡಿದೆವು. ಶಹಾಬಾದ್, ಕಡಪ ಎರಡರ ಮೇಲೂ ಸಣ್ಣ ಗುಳ್ಳೆಗಳೆದ್ದವು. ಸುಣ್ಣಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ಬಿದ್ದರೆ ಅದು ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗ್ರಾನೈಟೂ ಚಪ್ಪಡಿಯೂ ಜಪ್ಪಯ್ಯ ಎನ್ನಲಿಲ್ಲ. ಗೀರುವಾಗಲೇ ಇನ್ನೊಂದು ಸಂಗತಿಯೂ ತಿಳಿಯಿತು. ಸುಣ್ಣಕಲ್ಲಿನಲ್ಲಿ ಮೊಳೆ ಸುಲಭವಾಗಿ ಗೆರೆ ಹಾಕಿತು. ಗ್ರಾನೈಟಿನ ಮೇಲೆ ಸವೆದದ್ದು ಮೊಳೆಯೇ. 1812ರಲ್ಲಿ ಫ್ರೆಡರಿಕ್ ಮೋಸ್ ಮಾಡಿದ ಗಡಸುತನದ ಪಟ್ಟಿಯಲ್ಲಿ ಸುಣ್ಣಕಲ್ಲಿನ ಖನಿಜ ಕ್ಯಾಲ್ಸೈಟ್‌ಗೆ 3, ಫೆಲ್ಡ್‌ಸ್ಪಾರಿಗೆ 6, ಬೆಣಚಿಗೆ 7.

ಇದರಿಂದ ನಮಗೇನು ಎನ್ನುವಿರಾ? ಆಯುಧಪೂಜೆಯ ದಿನ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹಾಯಿಸುತ್ತೇವೆ. ಆ ರಸ ಕಡಪ ಕಲ್ಲಿನ ಮೇಲೆ ನಿಂತರೆ ಹೊಳಪು ತಿಂದುಹೋಗಿ ಮಾಸಿದ ಮಚ್ಚೆ ಉಳಿಯುತ್ತದೆ. ಅಂಗಳ ತೊಳೆಯಲು ಕೆಲವರು ಆಸಿಡ್ ಹಾಕುತ್ತಾರೆ. ಸುಣ್ಣಕಲ್ಲಿಗೂ ಸಿಮೆಂಟಿನ ಇಟ್ಟಿಗೆಗೂ ಅದು ವಿಷವೇ ಸರಿ. ಮಕ್ಕಳೇ, ನಿಮ್ಮ ಪ್ರಯೋಗಕ್ಕೆ ನಿಂಬೆರಸ ಸಾಕು, ಬಚ್ಚಲು ತೊಳೆಯುವ ಆಸಿಡ್ ಮುಟ್ಟಬೇಡಿ.

ಮೂರು ಮತ್ತು ನಾಲ್ಕು: ನೀರು, ಬಿಸಿಲು

ಒಣಗಿದ ತುಂಡನ್ನು ತೂಗಿ, ಒಂದು ದಿನ ಬಕೆಟ್ಟಿನಲ್ಲಿ ನೆನೆಸಿ, ಮೇಲಿನ ನೀರು ಒರೆಸಿ ಮತ್ತೆ ತೂಗಬೇಕು. 800 ಗ್ರಾಂ ಇದ್ದದ್ದು 840 ಆದರೆ ಅದು ಕುಡಿದದ್ದು ಶೇಕಡ 5. ಹೆಚ್ಚು ಕುಡಿಯುವ ಕಲ್ಲಿನ ಮೈಯಲ್ಲಿ ತೇವ ಉಳಿದು ಬೇಗ ಪಾಚಿ ಕಟ್ಟುತ್ತದೆ. ಮೊದಲ ಪರೀಕ್ಷೆಯಲ್ಲಿ ಪಾಸಾದ ಕಲ್ಲನ್ನು ಪಾಚಿ ಮೂರೇ ವರ್ಷದಲ್ಲಿ ಫೇಲು ಮಾಡಬಲ್ಲದು. ಗ್ರಾನೈಟಿನ ಜಾತಿ ಕುಡಿಯುವುದು ಬಹಳ ಕಡಿಮೆ, ತಕ್ಕಡಿಯ ಮುಳ್ಳು ಅಲುಗಿತೋ ಇಲ್ಲವೋ ಎನ್ನುವಷ್ಟು. ತೂತುತೂತಾದ ಜಂಬಿಟ್ಟಿಗೆ ಎಲ್ಲಕ್ಕಿಂತ ಹೆಚ್ಚು. ಇಂಟರ್‌ಲಾಕ್ ಇಟ್ಟಿಗೆಗೆ ಐ.ಎಸ್. 15658 ಎಂಬ ಭಾರತೀಯ ಮಾನಕವೇ ಇದೆ. ಸರಾಸರಿ ಶೇಕಡ 6ಕ್ಕಿಂತ ಹೆಚ್ಚು ನೀರು ಹೀರಬಾರದು ಎಂಬುದು ಅದರ ನಿಯಮ. ಕೊಳ್ಳುವಾಗ ಆ ಮಾನಕದ ಮಾಲೇ ಎಂದು ಕೇಳುವುದು ಗ್ರಾಹಕನ ಹಕ್ಕು.

ಬಿಸಿಲಿನ ಪರೀಕ್ಷೆ ಇನ್ನೂ ಸುಲಭ. ಆರೂ ತುಂಡುಗಳನ್ನು ಮಧ್ಯಾಹ್ನ ಎರಡು ಗಂಟೆಯವರೆಗೆ ತಾರಸಿಯಲ್ಲಿಟ್ಟು ಅಂಗೈ ಊರಿದೆವು. ಕಪ್ಪು ಕಡಪದ ಮೇಲೆ ಕೈ ಇಡಲಾಗಲಿಲ್ಲ. ತಿಳಿಬೂದಿಯ ಚಪ್ಪಡಿ ಸುಡುತ್ತಿದ್ದರೂ ಸಹಿಸುವಂತಿತ್ತು. ಕಪ್ಪು ಬಣ್ಣ ಬೆಳಕನ್ನು ಹೆಚ್ಚು ಹೀರುತ್ತದೆ ಎಂದು ಐದಾರು ಸಲ ಬರೆದು ಅಂಕ ಪಡೆದ ಹುಡುಗರು ಅಂದು ಅದನ್ನು ಅಂಗೈಯಿಂದ ಕಲಿತರು.

ಕಾರಿನ ಭಾರ, ಬಿಸ್ಕತ್ತಿನ ಪಾಠ

ಇಷ್ಟೆಲ್ಲ ಪಾಸಾದ ಕಲ್ಲು ಕಾರಿನ ಭಾರ ತಡೆಯಬೇಡವೇ? ಸುಮಾರು 1000 ಕಿಲೋ ತೂಗುವ ಸಣ್ಣ ಕಾರಿನ ಒಂದೊಂದು ಚಕ್ರದ ಮೇಲೆ 250 ಕಿಲೋ. ಟೈರಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ. ಭಾಗಿಸಿದರೆ ಪ್ರತಿ ಚಕ್ರ ನೆಲವನ್ನು ಮುಟ್ಟುವ ಜಾಗ ಸುಮಾರು 120 ಚದರ ಸೆಂಟಿಮೀಟರ್, ನಿಮ್ಮ ಅಂಗೈಯಷ್ಟು. ಅಷ್ಟು ದೊಡ್ಡ ಕಾರು ನಿಂತಿರುವುದು ನಾಲ್ಕು ಅಂಗೈಗಳ ಮೇಲೆ!

ಕಲ್ಲು ಒತ್ತಿದರೆ ಮುರಿಯುವುದಿಲ್ಲ, ಬಾಗಿಸಿದರೆ ಮುರಿಯುತ್ತದೆ. ಒಂದು ಬಿಸ್ಕತ್ತನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಒತ್ತಿ, ಏನೂ ಆಗದು. ಎರಡು ಪೆನ್ಸಿಲುಗಳ ಮೇಲೆ ಸೇತುವೆಯಂತಿಟ್ಟು ಒತ್ತಿ, ಪಟ್ಟನೆ ಮುರಿಯುತ್ತದೆ. ಕಲ್ಲಿನ ಕೆಳಗೆ ಪೊಳ್ಳು ಉಳಿದರೆ ಅದೂ ಬಿಸ್ಕತ್ತೇ. ಹಾಸಿದ ಮೇಲೆ ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ, ಡಬ್ ಡಬ್ ಎಂದು ಟೊಳ್ಳು ಸದ್ದು ಬಂದ ಕಲ್ಲನ್ನು ಎತ್ತಿಸಿ ಮತ್ತೆ ಕೂರಿಸಬೇಕು. ದಪ್ಪದ್ದೂ ಒಂದು ಲೆಕ್ಕವಿದೆ. ದಪ್ಪ ಎರಡರಷ್ಟಾದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ನಾಲ್ಕರಷ್ಟಾಗುತ್ತದೆ. ಆದ್ದರಿಂದ 1 ಇಂಚಿನ ಕಲ್ಲಿಗೂ 2 ಇಂಚಿನ ಕಲ್ಲಿಗೂ ಇರುವ ಅಂತರ ಬೆಲೆಯ ಚೀಟಿಯಲ್ಲಿ ಕಾಣುವುದಕ್ಕಿಂತ ದೊಡ್ಡದು.

ಇಂಟರ್‌ಲಾಕ್ ಇಟ್ಟಿಗೆಯ ಜಾಣತನ ಇಲ್ಲಿದೆ. ತುಂಡು ಚಿಕ್ಕದಾದ್ದರಿಂದ ಬಾಗುವ ಪ್ರಶ್ನೆ ಕಡಿಮೆ. ಸಂದಿಯ ಮರಳು ಒಂದರ ಭಾರವನ್ನು ಪಕ್ಕದ್ದಕ್ಕೆ ಹಂಚುತ್ತದೆ. ನೀರಿನ ಕೊಳವೆ ಒಡೆದರೆ ನಾಲ್ಕು ತುಂಡು ಎತ್ತಿ ಮತ್ತೆ ಕೂರಿಸಬಹುದು. ಮನೆಯ ಕಾರಿಗೆ 60 ಮಿಲಿಮೀಟರ್ ದಪ್ಪದ್ದು ಬಳಕೆಯಲ್ಲಿದೆ. ಆದರೆ ಅಂಚಿಗೆ ಭದ್ರವಾದ ಕಟ್ಟು ಇರಲೇಬೇಕು, ಇಲ್ಲದಿದ್ದರೆ ಸಾಲು ಸಡಿಲವಾಗಿ ಹರಡಿಕೊಳ್ಳುತ್ತದೆ.

ಅಂಗಳ ಕುಡಿಯುತ್ತಿದ್ದ ನೀರು

ಪರೀಕ್ಷೆಗಳೆಲ್ಲ ಮುಗಿದು, ಒರಟು ಚಪ್ಪಡಿಯೇ ಮೊದಲ ರ‍್ಯಾಂಕು ಎಂದು ನಾನು ಘೋಷಿಸಿದಾಗ, ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಅಮ್ಮ ಕೇಳಿದರು: ‘ಎಲ್ಲ ಸರಿ. ಮಳೆ ನೀರು ಎಲ್ಲಿಗೆ ಹೋಗುತ್ತೋ? ಮುಂಚೆ ಅಂಗಳವೇ ಕುಡೀತಿತ್ತು.’

ಈ ಪ್ರಶ್ನೆ ನನ್ನ ಪ್ರಶ್ನೆಪತ್ರಿಕೆಯಲ್ಲಿ ಇರಲೇ ಇಲ್ಲ. ಲೆಕ್ಕ ಹಾಕಿದೆವು. ನಮ್ಮ ಅಂಗಳ 12 ಅಡಿ ಅಗಲ, 25 ಅಡಿ ಉದ್ದ, ಅಂದರೆ ಸುಮಾರು 28 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ 1 ಲೀಟರ್ ನೀರು. ಒಂದು ಜೋರು ಮಳೆಗೆ 25 ಮಿಲಿಮೀಟರ್ ಬಿದ್ದರೆ 700 ಲೀಟರ್. ವರ್ಷಕ್ಕೆ 600 ಮಿಲಿಮೀಟರ್ ಎಂದಿಟ್ಟುಕೊಂಡರೂ 16,800 ಲೀಟರ್. ಮಣ್ಣಿನ ಅಂಗಳ ಇದರಲ್ಲಿ ದೊಡ್ಡ ಪಾಲನ್ನು ನೆಲಕ್ಕೆ ಇಳಿಸುತ್ತಿತ್ತು. ಟೈಲ್ಸ್ ಹಾಕಿದ ದಿನದಿಂದ ಅಷ್ಟನ್ನೂ ನಾವು ರಸ್ತೆಗೆ ತಳ್ಳಿದ್ದೆವು. ಬೀದಿಯ ಇಪ್ಪತ್ತು ಮನೆಯವರೂ ಹಾಗೇ ಮಾಡಿದ್ದಾರೆ. ತಗ್ಗಿನಲ್ಲಿರುವ ಕೊನೆಯ ಮನೆಯವರ ಹಜಾರಕ್ಕೆ ಚರಂಡಿ ನೀರು ನುಗ್ಗಿದಾಗ ನಾವೆಲ್ಲ ನಿಂತು ಮರುಗಿದ್ದೇವೆ. ಆ ನೀರಲ್ಲಿ ನಮ್ಮ ಮನೆಯ 700 ಲೀಟರೂ ಇತ್ತು ಎಂಬುದು ಯಾರಿಗೂ ತೋಚಿರಲಿಲ್ಲ. ಅದೇ ಬೀದಿಯವರು ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತೆಂದು ಟ್ಯಾಂಕರ್ ತರಿಸುತ್ತೇವೆ!

ಹಾಗಾದರೆ ಕಲ್ಲುಗಳ ನಡುವೆ ಅಗಲ ಸಂದಿ ಬಿಟ್ಟು ಹುಲ್ಲು ಬೆಳೆಸೋಣ ಎಂದಳು ಮಗಳು. ಚಿತ್ರಗಳಲ್ಲಿ ಅದು ಚೆಂದ. ಆದರೆ ಅಮ್ಮನ ವಾಕರಿನ ಕಾಲು ಆ ಸಂದಿಗೆ ಸಿಕ್ಕಿದರೆ? ನೀರಿಗೆ ಸಂದಿ ಬೇಕು, ಮುದುಕರ ಕಾಲಿಗೆ ಸಂದಿ ಬೇಡ. ಎರಡು ದಿನ ಕಾಗದದ ಮೇಲೆ ಗೆರೆ ಎಳೆದೆವು. ನನ್ನ ಹೆಂಡತಿಯೇ ದಾರಿ ತೋರಿಸಿದಳು: ‘ಇಡೀ ಅಂಗಳಕ್ಕೆ ಯಾಕೆ ಹಾಸಬೇಕು? ಕಾರಿನ ಚಕ್ರ ಓಡಾಡೋ ಕಡೆ, ಮನುಷ್ಯರು ಓಡಾಡೋ ಕಡೆ ಹಾಕಿದರೆ ಸಾಲದೇ?’

ಹಾಗೆಯೇ ಆಯಿತು. ಕಾರಿನ ಚಕ್ರಗಳ ಅಂತರ ಅಳೆದು, ಎರಡೆರಡು ಅಡಿ ಅಗಲದ ಎರಡು ಪಟ್ಟಿ. ಕಾಂಪೌಂಡಿನ ಪಕ್ಕದಲ್ಲಿ ಮೂರು ಅಡಿ ಅಗಲದ ನಡೆದಾರಿ, ಇದರಲ್ಲಿ ಕಲ್ಲಿಗೆ ಕಲ್ಲು ಒತ್ತಾಗಿ, ಒಂದೇ ಮಟ್ಟಕ್ಕೆ. ಒಟ್ಟು 7 ಅಡಿ ಕಲ್ಲು, ಉಳಿದ 5 ಅಡಿ ಮಣ್ಣು, ಅದರ ಮೇಲೆ ಜಲ್ಲಿ ಮತ್ತು ಗರಿಕೆ. ಅಮ್ಮನ ದಾಸವಾಳಕ್ಕೂ ಜಾಗ ಉಳಿಯಿತು. ಹೊಸ್ತಿಲ ಮುಂದೆ, ಮಳೆ ಬೀಳದ ಜಾಗದಲ್ಲಿ, ರಂಗೋಲಿಗೆಂದು ಸಮತಟ್ಟಾದ ಒಂದು ಶಹಾಬಾದ್ ಕಲ್ಲು. ಒರಟು ಚಪ್ಪಡಿಯ ಮೇಲೆ ಎಳೆ ಸರಿಯಾಗಿ ಬಾರದು ಎಂಬ ಆಕ್ಷೇಪಣೆ ನ್ಯಾಯವಾದದ್ದೇ.

ಇಡೀ ಅಂಗಳಕ್ಕೆ ಹಾಸದೆ ಇದ್ದುದರಿಂದ ಹಣವೂ ಉಳಿಯಿತು. ಗ್ರಾನೈಟಿನ ಸಾಂದ್ರತೆ ನೀರಿನ 2.7ರಷ್ಟು. 2 ಇಂಚು ದಪ್ಪದ ಚಪ್ಪಡಿ ಚದರ ಅಡಿಗೆ ಸುಮಾರು 12.5 ಕಿಲೋ. ನಮ್ಮ 175 ಚದರ ಅಡಿಗೆ ಎರಡು ಟನ್ನಿಗೂ ಹೆಚ್ಚು. ಇಷ್ಟು ಭಾರವನ್ನು ದೂರದ ಊರಿಂದ ಲಾರಿಯಲ್ಲಿ ತರಿಸಿದರೆ ಕಲ್ಲಿನ ಜೊತೆಗೆ ಡೀಸೆಲ್ಲನ್ನೂ ಕೊಂಡಂತೆ. ಹತ್ತಿರದ ಕಲ್ಲು ಅಗ್ಗವಾಗುವುದು ಅದು ಕೀಳು ಎಂದಲ್ಲ, ದಾರಿ ಕಡಿಮೆ ಎಂದು. ಮಂಗಳೂರಿನವರಿಗೆ ಮುರಕಲ್ಲೂ ಕಲಬುರಗಿಯವರಿಗೆ ಫರಸಿಯೂ ಇದೇ ನ್ಯಾಯದಿಂದ ಹತ್ತಿರದವು.

ಕಲ್ಲಿನ ಕೆಳಗೆ

ಮೇಸ್ತ್ರಿಯಾಗಿ ಹಳೆಯ ಆತನನ್ನೇ ಕರೆಸಿದೆ. ಆತ ಹಳೆಯ ಮಾತನ್ನು ಎತ್ತಲಿಲ್ಲ, ಅದು ಆತನ ದೊಡ್ಡತನ. ಆದರೆ ಈ ಬಾರಿ ಆತನ ಒಂದು ಸಲಹೆಗೆ ನಾನು ಒಪ್ಪಲಿಲ್ಲ. ಕೆಳಗೆ ಪೂರ್ತಿ ಕಾಂಕ್ರೀಟ್ ಹಾಕೋಣ ಎಂದ. ಹಾಗೆ ಮಾಡಿದರೆ ಮೇಲೆ ಎಷ್ಟು ಸಂದಿ ಬಿಟ್ಟರೂ ನೀರು ಇಳಿಯದು. ಇಂಟರ್‌ಲಾಕ್ ಹಾಕಿಸುವ ಎಷ್ಟೋ ಮಂದಿ ಮೋಸ ಹೋಗುವುದು ಹೀಗೆಯೇ. ನಾವು ಮಣ್ಣು ತೆಗೆದು, ದಿಮ್ಮಸು ಹೊಡೆದು, 4 ಇಂಚು ಜಲ್ಲಿ ಹಾಕಿ ಮತ್ತೆ ಬಡಿದು, ಅದರ ಮೇಲೆ ಮರಳಿನ ಹಾಸಿಗೆ ಮಾಡಿ ಕಲ್ಲು ಕೂರಿಸಿದೆವು. ವಾಟ ಗೇಟಿನ ಕಡೆಗಲ್ಲ, ಪಕ್ಕದ ಮಣ್ಣಿನ ಕಡೆಗೆ. ಮೂರು ಅಡಿಗೆ ಮುಕ್ಕಾಲು ಇಂಚು ಇಳಿಜಾರು. ನೀರಿಗೆ ಅಷ್ಟು ಸಾಕು, ನಡೆಯುವವರಿಗೆ ಅದು ತಿಳಿಯುವುದೂ ಇಲ್ಲ.

ಎರಡು ಎಚ್ಚರಿಕೆ ಹೇಳಬೇಕು. ನಮ್ಮದು ಕೆಂಪುಮಣ್ಣು. ಎರೆಮಣ್ಣಿನ ಸೀಮೆಯಲ್ಲಿ ನೆಲ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಈ ಕ್ರಮವನ್ನೇ ನಂಬದೆ ತಿಳಿದ ಎಂಜಿನಿಯರರನ್ನು ಕೇಳುವುದು ಒಳ್ಳೆಯದು. ಎಲ್ಲಿಯೇ ಆಗಲಿ, ಮನೆಯ ತಳಪಾಯದ ಬುಡಕ್ಕೆ ನೀರು ಇಂಗಿಸಬಾರದು. ಇನ್ನೊಂದು, ಕಲ್ಲು ಕೊಯ್ಯುವ ದೂಳು. ಬೆಣಚಿನ ಸಣ್ಣ ದೂಳು ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ. ಯಂತ್ರದ ಅಲಗಿಗೆ ನೀರು ಹಾಯಿಸಿ ಕೊಯ್ಯಿಸಿ, ಕೆಲಸದವರಿಗೆ ಮಾಸ್ಕ್ ಕೊಡಿ, ಮಕ್ಕಳನ್ನು ದೂರವಿಡಿ. ನಮ್ಮ ಅಂಗಳದ ಚೆಂದಕ್ಕೆ ಇನ್ನೊಬ್ಬರ ಉಸಿರು ಬೆಲೆಯಾಗಬಾರದು.

ಮೊದಲ ಮಳೆ ಜೂನಿನಲ್ಲಿ ಬಂತು. ಅರ್ಧ ಗಂಟೆ ಸುರಿದು ನಿಂತ ಮೇಲೆ ನೋಡಿದರೆ ಗೇಟಿನಾಚೆಗೆ ಹರಿದದ್ದು ಸ್ವಲ್ಪವೇ. ಜಲ್ಲಿಯ ಮೇಲೆ ನಿಂತಿದ್ದ ನೀರು ನಾವು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಇಂಗಿತ್ತು. ಅಮ್ಮ ಹೊರಗೆ ಬರುತ್ತೇನೆಂದರು. ನನಗೆ ಎದೆ ಡವಗುಟ್ಟುತ್ತಿತ್ತು, ಕೈ ಹಿಡಿಯಲು ಹೋದೆ. ಬೇಡವೆಂದು ಸನ್ನೆ ಮಾಡಿ, ವಾಕರ್ ಊರುತ್ತ ಗೇಟಿನವರೆಗೆ ಹೋಗಿ ಬಂದರು. ‘ಟೈಲ್ಸಿನ ಮೇಲೆ ಕಾಲಿಗೆ ಏನೂ ತಿಳೀತಿರಲಿಲ್ಲ. ಇದು ತಿಳಿಯುತ್ತೆ’ ಎಂದರು. ಕೈಯಲ್ಲಿ ಎರಡು ದಾಸವಾಳ ಇದ್ದವು.

ಮನೆಯಲ್ಲಿ ಮಾಡಿ ನೋಡಿ

ವಿದ್ಯಾರ್ಥಿಗಳೇ, ಈ ವಾರ ಎರಡು ಕೆಲಸ. ಮೊದಲನೆಯದು, ನಿಮ್ಮ ಮನೆಯ ಅಂಗಳದಲ್ಲಿ ನೀರು ಇಂಗದ ಭಾಗ ಎಷ್ಟು ಚದರ ಮೀಟರ್ ಎಂದು ಅಳೆಯಿರಿ. ಅದನ್ನು 25ರಿಂದ ಗುಣಿಸಿದರೆ ಒಂದು ಜೋರು ಮಳೆಗೆ ನೀವು ಬೀದಿಗೆ ಬಿಡುವ ನೀರಿನ ಲೀಟರ್ ಲೆಕ್ಕ ಸಿಗುತ್ತದೆ. ಎರಡನೆಯದು, ಚಪ್ಪಲಿಗೆ ಉಪ್ಪಿನ ಪೊಟ್ಟಣ ಕಟ್ಟಿ, ಬಚ್ಚಲುಮನೆಯಲ್ಲಿ ಹಾಸಿರುವಂಥದೇ ಒಂದು ಬಿಡಿ ಟೈಲ್ಸಿನ ಮೇಲೆ ಒಮ್ಮೆ ಒಣಗಿದಾಗ, ಒಮ್ಮೆ ನೀರು ಹಾಕಿ, ಒಮ್ಮೆ ಸೋಪಿನ ನೀರು ಹಾಕಿ ಘರ್ಷಣಾಂಕ ಕಂಡುಹಿಡಿಯಿರಿ. ಮೂರು ಸಂಖ್ಯೆಗಳನ್ನೂ ಒಂದು ಚೀಟಿಯಲ್ಲಿ ಬರೆದು ತಂದೆತಾಯಿಗೆ ತೋರಿಸಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ, ಆ ಚೀಟಿಯನ್ನು ಇವತ್ತೇ ತೋರಿಸಿ.